ಹತ್ತೊಂಬತ್ತು ಡಬ್ಬಿಗಳ ಮನೆ: ಒಂದು ಪ್ರಕರಣ ಅಧ್ಯಯನ

ಕಳೆದ ಅಕ್ಟೋಬರ್‌ನಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು. ನಾನು ಬೆಂಗಳೂರಿನಲ್ಲಿ ಆಹಾರ ಸಲಹೆಗಾರ್ತಿ. ವೈದ್ಯರು ಕಳುಹಿಸಿದವರ ಜೊತೆ ಕುಳಿತು ಊಟ, ತಿಂಡಿಯ ಲೆಕ್ಕ ಹಾಕುವುದು ನನ್ನ ಕಸುಬು. ಹುಡುಗಿಗೆ ಹದಿನೈದು ವರ್ಷ, ಹತ್ತನೆಯ ತರಗತಿ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.4 ಬಂದಿತ್ತು. ಆ ವಯಸ್ಸಿಗೆ 12 ಆದರೂ ಇರಬೇಕು.

ತಾಯಿ ಕೈಚೀಲದಿಂದ ಒಂದು ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಚಿಯಾ, ಕ್ವಿನೋವಾ, ನುಗ್ಗೆಸೊಪ್ಪಿನ ಪುಡಿ, ಗೋಧಿಹುಲ್ಲಿನ ಪುಡಿ, ಸ್ಪಿರುಲಿನಾ ಮಾತ್ರೆ, ಗೋಜಿ ಹಣ್ಣು, ಒಣಗಿಸಿದ ಬ್ಲೂಬೆರಿ, ಕುಂಬಳಬೀಜ, ಮಖಾನಾ.

"ಇಷ್ಟೆಲ್ಲ ತರಿಸುತ್ತೇನೆ ಮೇಡಂ. ಆದರೂ ಇವಳಿಗೆ ರಕ್ತ ಏಕೆ ಕಡಿಮೆ?"

ಹುಡುಗಿ ಕಿಟಕಿಯ ಕಡೆ ನೋಡುತ್ತಲೇ, "ತರಿಸುತ್ತೀಯ ಅಮ್ಮ, ತಿನ್ನುವವರು ಯಾರು?" ಎಂದಳು.

ಈ ಮನೆಯ ಕಥೆಯನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾಲ್ವರು. ತಾಯಿ ತುಮಕೂರು ಕಡೆಯವರು, ನಲವತ್ತೊಂದು ವರ್ಷ, ಬೆಳಿಗ್ಗೆ ಏಳೂಮುಕ್ಕಾಲಿಗೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ವಾಪಸ್. ತಂದೆ ಬಾಗಲಕೋಟೆ ಕಡೆಯವರು, ಮನೆಯಿಂದಲೇ ಕೆಲಸ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1, ಅಂದರೆ ಮಧುಮೇಹದ ಹೊಸ್ತಿಲಲ್ಲಿ ನಿಂತವರು. ಅವರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಮೂರು ವರ್ಷದ ಹಿಂದೆ ಊರು ಬಿಟ್ಟು ಮಗನ ಮನೆಗೆ ಬಂದಿದ್ದಾರೆ.

ಸಾಮಾನ್ಯವಾಗಿ ನಾನು ಯಾರ ಮನೆಗೂ ಹೋಗುವುದಿಲ್ಲ. ಇವರ ಅಪಾರ್ಟ್‌ಮೆಂಟ್ ನನ್ನ ದಾರಿಯಲ್ಲೇ ಇದ್ದುದರಿಂದ ಆ ಶನಿವಾರ ಹೋದೆ. ನನಗೆ ಆ ಅಡುಗೆಮನೆಯ ಕಪಾಟನ್ನು ನೋಡಬೇಕಿತ್ತು.

ಎಣಿಸಿದಾಗ ಹತ್ತೊಂಬತ್ತು ಡಬ್ಬಿ, ಪೊಟ್ಟಣಗಳು. ಹನ್ನೊಂದು ಬಾಯಿ ಬಿಚ್ಚಿರಲಿಲ್ಲ, ಇಲ್ಲವೇ ಎರಡು ಚಮಚ ತೆಗೆದು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದವು. ಮೂರರ ಅವಧಿ ಮುಗಿದಿತ್ತು. ಕ್ವಿನೋವಾದಲ್ಲಿ ಹುಳ ಬಿದ್ದಿತ್ತು. ಅದನ್ನು ಕಂಡು ಆ ತಾಯಿಗೆ ನಾಚಿಕೆಯಾಯಿತು. ನಾಚಿಕೆಪಡುವಂಥದ್ದೇನೂ ಇಲ್ಲ ಎಂದೆ. ಹುಳಕ್ಕಾದರೂ ಅದು ಆಹಾರವೆಂದು ಗೊತ್ತಾಗಿದೆಯಲ್ಲ. ಹಿಂದಿನ ತಿಂಗಳ ಒಂದೇ ಆನ್‌ಲೈನ್ ಬಿಲ್ಲು 3,860 ರೂಪಾಯಿ. ಅದೇ ತಿಂಗಳು ಸೊಪ್ಪಿಗೆ ಎಷ್ಟು ಖರ್ಚಾಯಿತು ಎಂದು ಕೇಳಿದೆ. ಕೊತ್ತಂಬರಿ, ಕರಿಬೇವು, ತಂದೆಯ ಬೆಳಗಿನ ಪಾನೀಯಕ್ಕೆ ಹೋಗುವ ಪಾಲಕ್ ಬಿಟ್ಟರೆ, ಅಡುಗೆಗೆಂದು ಎರಡು ಕಟ್ಟು ಪಾಲಕ್.

ಮೊದಲ ಕೆಲಸವಾಗಿ ಮಗಳು ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಲು ಹೇಳಿದೆ. ಎರಡು ಕೆಲಸದ ದಿನ, ಒಂದು ಭಾನುವಾರ. ಆ ಹಾಳೆ ಈಗಲೂ ನನ್ನ ಕಡತದಲ್ಲಿದೆ. ಇಡ್ಲಿ, ಕಾಯಿ ಚಟ್ನಿ. ಅನ್ನ, ಟೊಮೇಟೊ ಸಾರು. ಚಪಾತಿ, ಆಲೂಗಡ್ಡೆ ಪಲ್ಯ. ಉಪ್ಪಿಟ್ಟು. ಅನ್ನ, ಬೇಳೆ ಸಾರು, ಹಪ್ಪಳ. ದೋಸೆ, ಮತ್ತೆ ಆಲೂಗಡ್ಡೆ ಪಲ್ಯ. ಮೊಸರನ್ನ. ಭಾನುವಾರ ಪಲಾವು. ಕೆಟ್ಟ ಊಟ ಎನ್ನುವಂತಿಲ್ಲ. ಹೊರಗಿನಿಂದ ತರಿಸಿದ್ದು ಒಂದೇ ಸಲ. ಆದರೆ ಅಷ್ಟೂ ಊಟದಲ್ಲಿ ಬಂದ ಬೇರೆ ಬೇರೆ ಗಿಡಗಳ ಉತ್ಪನ್ನ ಎಣಿಸಿದರೆ ಒಗ್ಗರಣೆಯ ಸಾಸಿವೆ, ಜೀರಿಗೆ ಸೇರಿ ಹದಿನೇಳು. ಅಕ್ಕಿ ಮೂರು ವೇಷದಲ್ಲಿ, ಗೋಧಿ ಎರಡು ವೇಷದಲ್ಲಿ ಬಂದಿದ್ದವು. ಆ ವಯಸ್ಸಿನ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಹಾಳೆಯ ಲೆಕ್ಕದಲ್ಲಿ ಹತ್ತೂ ಇರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಂದು ದಿನದ ತಟ್ಟೆಯ ಚಿತ್ರವಿದೆ. ಎಂಟಾದರೂ ಆಹಾರ ಗುಂಪುಗಳು; ಅದರಲ್ಲಿ ತರಕಾರಿ, ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಕಾಳು–ಬೇಳೆ 85 ಗ್ರಾಂ, ಎಣ್ಣೆಬೀಜ ಮತ್ತು ಕಾಯಿಬೀಜ 35 ಗ್ರಾಂ. ಆ ಚಿತ್ರದ ಪಕ್ಕದಲ್ಲಿ ಈ ಮನೆಯ ಹಾಳೆಯನ್ನಿಟ್ಟೆ. ಧಾನ್ಯ ತಟ್ಟೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ಸೊಪ್ಪು, ಇಡೀ ಕಾಳು, ಎಣ್ಣೆಬೀಜ, ಹಣ್ಣು, ಈ ನಾಲ್ಕೂ ಜಾಗ ಖಾಲಿ. ಖಾಲಿ ಜಾಗಕ್ಕೆಂದು ತಂದದ್ದೆಲ್ಲ ಕಪಾಟಿನಲ್ಲಿ ಕುಳಿತಿತ್ತು.

ಪುಡಿಯ ಲೆಕ್ಕ

ನುಗ್ಗೆಸೊಪ್ಪಿನ ಪುಡಿಯ ಪೊಟ್ಟಣದ ಮೇಲೆ ಹಾಲಿಗಿಂತ ಹಲವು ಪಟ್ಟು ಕ್ಯಾಲ್ಸಿಯಂ ಎಂದು ದಪ್ಪಕ್ಷರದಲ್ಲಿತ್ತು. ಸುಳ್ಳಲ್ಲ. ಆದರೆ ಈ ಲೆಕ್ಕವನ್ನು ಬಿಡಿಸಿ ನೋಡದೆ ಮುಂದೆ ಹೋಗುವ ಹಾಗಿರಲಿಲ್ಲ, ಏಕೆಂದರೆ ತಾಯಿಯ ನಂಬಿಕೆಯೆಲ್ಲ ಅದರ ಮೇಲೇ ನಿಂತಿತ್ತು.

ಹಸಿ ನುಗ್ಗೆಸೊಪ್ಪಿನಲ್ಲಿ ನೂರು ಗ್ರಾಂಗೆ ಸುಮಾರು 314 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸೊಪ್ಪಿನ ಮುಕ್ಕಾಲು ಪಾಲು ನೀರು. ಒಣಗಿಸಿದರೆ ನೀರು ಹೋಗುತ್ತದೆ, ಉಳಿದದ್ದು ನಾಲ್ಕು ಪಟ್ಟು ಗಟ್ಟಿಯಾಗುತ್ತದೆ. ನೂರು ಗ್ರಾಂ ಪುಡಿಗೆ 1,250ರ ಹತ್ತಿರ ಬರುತ್ತದೆ. ನೂರು ಗ್ರಾಂ ಹಾಲಿನಲ್ಲಿ 120. ಹೋಲಿಕೆ ಹಾಗೆ ಹುಟ್ಟಿದ್ದು. ಆದರೆ ನೂರು ಗ್ರಾಂ ಪುಡಿ ತಿನ್ನುವವರು ಯಾರು? ಪೊಟ್ಟಣದವರೇ ದಿನಕ್ಕೊಂದು ಚಮಚ ಎನ್ನುತ್ತಾರೆ. ಅವರ ಮನೆಯ ಚಮಚದಿಂದ ತೂಗಿದೆವು: ಮೂರು ಗ್ರಾಂ. ಮೂರು ಗ್ರಾಂಗೆ ನಲವತ್ತು ಮಿಲಿಗ್ರಾಂ ಕೂಡ ಆಗುವುದಿಲ್ಲ. ಒಂದು ಲೋಟ ಹಾಲಿನಲ್ಲಿರುವ 240ಕ್ಕೆ ಸರಿಗಟ್ಟಲು ಆರೇಳು ಚಮಚ ಬೇಕು. ಹುಡುಗಿ ಒಂದು ತಿಂಗಳಲ್ಲಿ ಎರಡೇ ಸಲ ತಿಂದಿದ್ದಳು, ಅದೂ ಮೂಗು ಮುಚ್ಚಿಕೊಂಡು.

ಅದೇ ನುಗ್ಗೆಸೊಪ್ಪನ್ನು ಹಸಿಯಾಗಿ ರಾಗಿ ರೊಟ್ಟಿಗೆ ಹಾಕಿದರೆ? ರಾಗಿಯಲ್ಲಿ ನೂರು ಗ್ರಾಂಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ. ಅರವತ್ತು ಗ್ರಾಂ ಹಿಟ್ಟು, ಒಂದು ಹಿಡಿ ಎಂದರೆ ಮೂವತ್ತು ಗ್ರಾಂ ಸೊಪ್ಪು ಸೇರಿದ ಒಂದು ದಪ್ಪ ರೊಟ್ಟಿಗೆ 310ರ ಆಸುಪಾಸು. ಇದೆಲ್ಲ ಮೈಗೆ ಹತ್ತುವುದಿಲ್ಲ, ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಆದರೂ ಪುಡಿಯ ಚಮಚ ಇದರ ಹತ್ತಿರ ಸುಳಿಯುವುದಿಲ್ಲ. ಮುಖ್ಯವಾದ ವಿಷಯ ಇನ್ನೊಂದಿದೆ. ರೊಟ್ಟಿಯನ್ನು ಯಾರೂ ಔಷಧವೆಂದು ತಿನ್ನುವುದಿಲ್ಲ. ತಿಂಡಿಯೆಂದು ತಿನ್ನುತ್ತಾರೆ.

'ಸೂಪರ್‌ಫುಡ್' ಎಂಬ ಮಾತಿನ ಮೂಲ ತಿಳಿದರೆ ಅರ್ಧ ಭಕ್ತಿ ಇಳಿಯುತ್ತದೆ. ವಿಜ್ಞಾನದಲ್ಲಿ ಅಂಥದ್ದೊಂದು ವರ್ಗವೇ ಇಲ್ಲ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಬಾಳೆಹಣ್ಣು ಮಾರುತ್ತಿದ್ದ ಯುನೈಟೆಡ್ ಫ್ರೂಟ್ ಕಂಪನಿಯ ಪ್ರಚಾರದ ಕಾಲಕ್ಕೆ ಆ ಮಾತು ಓಡಾಡತೊಡಗಿತು. ಅಂದರೆ ಮೊದಮೊದಲ ಸೂಪರ್‌ಫುಡ್‌ಗಳಲ್ಲಿ ಬಾಳೆಹಣ್ಣೂ ಒಂದು. ನಂಜನಗೂಡಿನ ರಸಬಾಳೆಗೆ ಆ ಬಿರುದು ಕೊಡುವವರು ಯಾರೂ ಇರಲಿಲ್ಲ, ಅಷ್ಟೇ.

ಇಲ್ಲಿ 'ಹಿತ್ತಲ ಗಿಡ ಮದ್ದಲ್ಲ' ಎಂದು ಗಾದೆ ಹೇಳಿ, ವಿದೇಶಿಯದ್ದೆಲ್ಲ ಬಿಡಿ, ನಮ್ಮದನ್ನೇ ತಿನ್ನಿ ಎನ್ನುವುದು ಸುಲಭ. ಮೊದಲನೆಯದಾಗಿ ಈ ಮನೆಗೆ ಹಿತ್ತಲೇ ಇಲ್ಲ, ಐದನೆಯ ಮಹಡಿ. ಎರಡನೆಯದಾಗಿ ಆ ವಾದ ನಿಲ್ಲುವುದಿಲ್ಲ. ಶೇಂಗಾ, ಸೀಬೆ, ಟೊಮೇಟೊ, ಮೆಣಸಿನಕಾಯಿ ಎಲ್ಲವೂ ಅಮೆರಿಕ ಖಂಡಗಳಿಂದ ಹಡಗು ಹತ್ತಿ ಬಂದವು. ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದದ್ದೇ. ಚಿಯಾವನ್ನು ಈಗ ಎಚ್.ಡಿ. ಕೋಟೆಯ ರೈತರು ಬೆಳೆಯುತ್ತಿದ್ದಾರೆ. ಅದಕ್ಕೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಕೈಜೋಡಿಸಿದೆ. ಬಂದ ಊರು ಯಾವುದು ಎಂಬುದಕ್ಕಿಂತ ಬಂದದ್ದು ಎಲ್ಲಿ ಕುಳಿತಿತು ಎಂಬುದನ್ನು ನೋಡಬೇಕು. ಮೆಣಸಿನಕಾಯಿ ಕಾಳುಮೆಣಸಿನ ಜಾಗದಲ್ಲಿ ಕುಳಿತಿತು, ಹೆಸರನ್ನೂ ಅದರಿಂದಲೇ ತೆಗೆದುಕೊಂಡಿತು. ಶೇಂಗಾ ಹೋಗಿ ಹಿಂಡಿ, ಅಂದರೆ ಉತ್ತರ ಕರ್ನಾಟಕದ ಚಟ್ನಿಪುಡಿ, ಆಯಿತು, ರೊಟ್ಟಿಯ ಪಕ್ಕದಲ್ಲಿ ಕುಳಿತಿತು. ಚಿಯಾಕ್ಕೆ ಈ ಮನೆಯಲ್ಲಿ ಇನ್ನೂ ಯಾವ ಜಾಗವೂ ಸಿಕ್ಕಿರಲಿಲ್ಲ. ಅದು ಅತಿಥಿಯಾಗಿ ಬಂದು ಅತಿಥಿಯಾಗಿಯೇ ಉಳಿದಿತ್ತು.

ಹಾಗಾಗಿ ನಾವು ಇಟ್ಟುಕೊಂಡ ನಿಯಮ ಒಂದೇ. ಹೊಸದೊಂದು ಮನೆಗೆ ಬರಬೇಕಾದರೆ, ಅದು ಯಾವುದರ ಜಾಗದಲ್ಲಿ ಕೂರುತ್ತದೆ ಎಂದು ಮೊದಲು ಹೇಳಬೇಕು. 'ಇದನ್ನೂ ತಿನ್ನೋಣ' ಎಂಬ ಮಾತು ನಿಷಿದ್ಧ.

ಹಸಿರು ಲೋಟ

ಇದಕ್ಕೆ ಮುಂಚೆ ತುರ್ತಾಗಿ ನಿಲ್ಲಿಸಬೇಕಾದದ್ದು ಒಂದಿತ್ತು. ತಂದೆ ನಾಲ್ಕು ತಿಂಗಳಿಂದ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ದೊಡ್ಡ ಲೋಟ ಹಸಿರು ಪಾನೀಯ ಕುಡಿಯುತ್ತಿದ್ದರು: ಎರಡು ಹಿಡಿ ಹಸಿ ಪಾಲಕ್, ಹತ್ತು ಬಾದಾಮಿ, ಒಂದು ಬಾಳೆಹಣ್ಣು. ಮೊಬೈಲಿನಲ್ಲಿ ನೋಡಿ ಕಲಿತದ್ದು. ಮಾತಿನ ಮಧ್ಯೆ, ಐದು ವರ್ಷದ ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು ಎಂದರು. ಎಂಥ ಕಲ್ಲು ಎಂದು ಕೇಳಿದರೆ ವರದಿ ಹುಡುಕಿ ತಂದರು: ಕ್ಯಾಲ್ಸಿಯಂ ಆಕ್ಸಲೇಟ್.

ಆಕ್ಸಲೇಟ್ ಎಂದರೆ ಗಿಡಗಳಲ್ಲಿರುವ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗಬಲ್ಲ ಒಂದು ಅಂಶ. ಪಾಲಕ್‌ನಲ್ಲಿರುವಷ್ಟು ಆಕ್ಸಲೇಟ್ ಇರುವ ಸೊಪ್ಪು ಕಡಿಮೆ. ಬಾದಾಮಿಯಲ್ಲೂ ಅದು ಸಾಕಷ್ಟಿದೆ. ಒಮ್ಮೆ ಕಲ್ಲಾದವರು ಎರಡನ್ನೂ ಸೇರಿಸಿ ದಿನಾ ಕುಡಿಯುವುದೆಂದರೆ ಕಲ್ಲಿಗೆ ಕಲ್ಲು ಕೊಟ್ಟಂತೆ. ವೈದ್ಯರಿಗೆ ತೋರಿಸಲು ಹೇಳಿ, ಲೋಟವನ್ನು ಅಂದೇ ನಿಲ್ಲಿಸಿದೆವು. ದಂಟು, ಪಾಲಕ್ ಅವರ ಪಾಲಿಗೆ ಅಪರೂಪಕ್ಕೆ, ಸ್ವಲ್ಪ, ಮೆಂತ್ಯ, ಸಬ್ಬಸಿಗೆ ಧಾರಾಳವಾಗಿ, ಸೊಪ್ಪಿನೂಟದ ಜೊತೆಗೆ ಮೊಸರು, ಏಕೆಂದರೆ ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಕಳುಹಿಸುತ್ತದೆ, ದಿನವಿಡೀ ನೀರು. ಒಂದು ಮನೆಗೆ ಒಂದೇ ಪಟ್ಟಿ ಎಂಬುದು ಇಲ್ಲಿಗೆ ಮುರಿದುಬಿತ್ತು. ಮಗಳಿಗೆ ದಂಟುಸೊಪ್ಪು ಬೇಕು, ತಂದೆಗೆ ಬೇಡ. ಒಂದೇ ಒಲೆ.

ಸೊಪ್ಪು ಬಿಡಿಸುವವರು ಯಾರು?

ಇಷ್ಟು ವರ್ಷದ ಅನುಭವದಲ್ಲಿ ನನಗೆ ಮನದಟ್ಟಾಗಿರುವುದು ಇದು: ನಗರದ ಮನೆಗಳಲ್ಲಿ ಸೊಪ್ಪು ಮರೆಯಾಗಿರುವುದು ರುಚಿಯಿಂದಲ್ಲ, ಬೆಲೆಯಿಂದಲ್ಲ, ತಿಳಿವಳಿಕೆಯ ಕೊರತೆಯಿಂದಂತೂ ಅಲ್ಲ. ಬಿಡಿಸುವವರಿಲ್ಲ. ಎರಡು ಕಟ್ಟು ದಂಟುಸೊಪ್ಪನ್ನು ಬಿಡಿಸಿ, ಹುಳು–ಹುಪ್ಪಟೆ ನೋಡಿ, ಮೂರು ನೀರಿನಲ್ಲಿ ತೊಳೆದು, ಹೆಚ್ಚಲು ನಲವತ್ತು ನಿಮಿಷ. ಅಡುಗೆ ಅದರ ಮೇಲೆ. ಸಂಜೆ ಏಳಕ್ಕೆ ಬಸ್ಸಿಳಿದು ಬಂದ ಹೆಂಗಸಿಗೆ ಆ ನಲವತ್ತು ನಿಮಿಷ ಎಲ್ಲಿಂದ ಬರಬೇಕು? ಪುಡಿ ಪೊಟ್ಟಣಗಳು ಮಾರುವುದು ಪೋಷಕಾಂಶವನ್ನಲ್ಲ, ಆ ನಲವತ್ತು ನಿಮಿಷವನ್ನು. ಅದನ್ನು ಅರ್ಥ ಮಾಡಿಕೊಳ್ಳದೆ ಆ ತಾಯಿಗೆ 'ಸೊಪ್ಪು ತಿನ್ನಿ' ಎಂದು ಬುದ್ಧಿ ಹೇಳುವುದು ಉದ್ಧಟತನ.

ಅಡುಗೆಮನೆಯ ಮೇಜಿನ ಸುತ್ತ ನಾಲ್ವರನ್ನೂ ಕೂರಿಸಿ ಈ ಪ್ರಶ್ನೆಯನ್ನೇ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅಜ್ಜಿ ಹೇಳಿದರು: "ನನಗೆ ಒಂದು ಮಾತು ಹೇಳಿದ್ದರೆ ನಾನು ಬಿಡಿಸುತ್ತಿರಲಿಲ್ಲವೇ ತಂಗಿ? ಮೂರು ವರ್ಷವಾಯಿತು, ಈ ಮನೆಯಲ್ಲಿ ನನ್ನ ಕೈಗೆ ಏನೂ ಕೊಟ್ಟಿಲ್ಲ."

ಸೊಸೆ ತಕ್ಷಣ, "ಅತ್ತೆ, ನಿಮಗೆ ತೊಂದರೆ ಆಗಬಾರದೆಂದು…" ಎಂದು ಅರ್ಧಕ್ಕೇ ನಿಲ್ಲಿಸಿದರು. ಅವರು ಅತ್ತೆಗೆಂದು ಪ್ರೋಟೀನ್ ಪುಡಿಯ ಡಬ್ಬಿ ತರಿಸಿದ್ದರು. ಅದು ಹತ್ತೊಂಬತ್ತರಲ್ಲಿ ಒಂದು.

ಕೆಲಸ ಹಂಚಿದೆವು. ಬೆಳಿಗ್ಗೆ ಏಳರ ಹೊತ್ತಿಗೆ ಸೊಪ್ಪಿನ ಗಾಡಿ ಗೇಟಿನ ಮುಂದೆ ಬರುತ್ತದೆ. ವಾಕಿಂಗ್ ಮುಗಿಸಿ ಬರುವ ತಂದೆ ವಾರಕ್ಕೆ ಮೂರು ದಿನ ಎರಡೆರಡು ಕಟ್ಟು ತರಬೇಕು. ಬಿಡಿಸುವುದು ಅಜ್ಜಿ ಮತ್ತು ಅವರ ಮಗ, ಮಧ್ಯಾಹ್ನ ಟಿ.ವಿ. ನೋಡುತ್ತಾ. ತೊಳೆಯದೆ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುವುದು. ತೊಳೆಯುವುದು ಹೆಚ್ಚುವ ಮುಂಚೆ. ಎರಡು ದಿನದೊಳಗೆ ಬಳಸಬೇಕು, ಇಟ್ಟಷ್ಟೂ ವಿಟಮಿನ್ ಸಿ ಮತ್ತು ಫೋಲೇಟ್ ಎಂಬ ಬಿ ವಿಟಮಿನ್ ಇಳಿಯುತ್ತವೆ. ನುಗ್ಗೆಸೊಪ್ಪಿಗೆ ಅಜ್ಜಿಯ ಬಳಿ ಒಂದು ಉಪಾಯವಿತ್ತು. ಕಡ್ಡಿಸಮೇತ ಒದ್ದೆಯಿಲ್ಲದ ಪಂಚೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ರಾತ್ರಿ ಇಟ್ಟರು. ಬೆಳಿಗ್ಗೆ ಗಂಟು ಬಿಚ್ಚಿ ಎರಡು ಸಲ ಕೊಡವಿದರು. ಎಲೆಯೆಲ್ಲ ಬಟ್ಟೆಯ ಮೇಲೆ, ಕಡ್ಡಿ ಕೈಯಲ್ಲಿ. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಚಿತ್ರಿಸಿ ಗೆಳತಿಯರಿಗೆ ಕಳುಹಿಸಿದಳಂತೆ.

ಸೊಪ್ಪಿಗೆ ಜಾಗ ಸಿಕ್ಕಿದ್ದು ಬಸ್ಸಾರಿನಲ್ಲಿ. ಇದು ತಾಯಿಯ ತವರಿನ ಅಡುಗೆ; ಮದುವೆಯಾದ ಮೇಲೆ ಕೈಬಿಟ್ಟಿದ್ದರು. ಹೆಸರುಕಾಳನ್ನೋ ಅಲಸಂದೆಯನ್ನೋ ಅರೆಬೇಯಿಸಿ, ದಂಟುಸೊಪ್ಪು ಹಾಕಿ ಬೇಯಿಸಿ, ನೀರನ್ನು ಬಸಿದಿಟ್ಟುಕೊಳ್ಳುವುದು. ಬೆಂದ ಕಾಳು–ಸೊಪ್ಪಿನ ಒಂದು ಹಿಡಿಯನ್ನು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಕಾಯಿತುರಿ, ಹುಣಸೆಹಣ್ಣಿನ ಜೊತೆ ರುಬ್ಬಿ ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು–ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಎರಡು ಅಡುಗೆ. ಬೇಯುವಾಗ ನೀರಿಗಿಳಿದ ಫೋಲೇಟ್, ಪೊಟ್ಯಾಸಿಯಂ ಮೋರಿಗೆ ಹೋಗದೆ ಊಟದಲ್ಲೇ ಉಳಿಯುತ್ತವೆ. ಇದನ್ನು ಕಂಡುಹಿಡಿದವರು ಯಾರೋ, ಅವರಿಗೊಂದು ನಮಸ್ಕಾರ. ಟೊಮೇಟೊ ಸಾರಿನ ಜಾಗದಲ್ಲಿ ವಾರಕ್ಕೆ ಎರಡು ದಿನ ಬಸ್ಸಾರು ಕೂತಿತು. ಆ ದಿನ ತಂದೆಗೆ ಹುರಳಿ ಸಾರು ಅಥವಾ ಮೆಂತ್ಯಸೊಪ್ಪಿನ ಬೇಳೆ. ಹುರಳಿಯಲ್ಲಿ ನೂರು ಗ್ರಾಂಗೆ ಸುಮಾರು 8.8 ಮಿಲಿಗ್ರಾಂ ಕಬ್ಬಿಣ. ಹುಡುಗಿಯೂ ಆ ಸಾರಿಗೆ ಕೈ ಹಾಕತೊಡಗಿದಳು, ಅದು ಒಳ್ಳೆಯದೇ ಆಯಿತು.

ಗೆದ್ದವು, ಸೋತವು

ಧಾನ್ಯದ ವಿಷಯದಲ್ಲಿ ಮೊದಲ ಪ್ರಯತ್ನವೇ ಸೋತಿತು. ನವಣೆ ಅನ್ನವನ್ನು ಮಗಳ ಡಬ್ಬಿಗೆ ಹಾಕಿ ಕಳುಹಿಸಿದರು. ಮಧ್ಯಾಹ್ನದ ಹೊತ್ತಿಗೆ ಅದು ಉದುರುದುರಾಗಿ ಒಣಗಿ, ಗಂಟಲಿಗೆ ಸಿಕ್ಕುವಂತಾಗಿತ್ತು. ಡಬ್ಬಿ ಹಾಗೇ ವಾಪಸ್. ತಪ್ಪು ನನ್ನದು, ಸಿರಿಧಾನ್ಯದ ಅನ್ನ ಆರಿದರೆ ಅಕ್ಕಿಯ ಅನ್ನದಂತೆ ಮೆತ್ತಗಿರುವುದಿಲ್ಲ ಎಂದು ಮೊದಲೇ ಹೇಳಬೇಕಿತ್ತು. ಬಿಸಿಯಲ್ಲಿ ತಿನ್ನುವ ಕಡೆ ಮಾತ್ರ ಅದಕ್ಕೆ ಜಾಗ. ದೋಸೆ ಹಿಟ್ಟಿಗೆ ನೆನೆಹಾಕುವ ಮೂರು ಪಾವು ಅಕ್ಕಿಯಲ್ಲಿ ಒಂದು ಪಾವು ತೆಗೆದು ನವಣೆ ಹಾಕಿದಾಗ ಯಾರಿಗೂ ಗೊತ್ತೇ ಆಗಲಿಲ್ಲ. ಎರಡು ಪಾವು ತೆಗೆದಾಗ ಗೊತ್ತಾಯಿತು, ಒಂದಕ್ಕೇ ನಿಲ್ಲಿಸಿದರು. ರವೆ ಉಪ್ಪಿಟ್ಟಿನ ಜಾಗದಲ್ಲಿ ಸಾಮೆ ಉಪ್ಪಿಟ್ಟು, ನಿಂಬೆಹಣ್ಣು ಹಿಂಡಿ, ಬಿಸಿಯಾಗಿ ಬಡಿಸಿದಾಗ ಗೆದ್ದಿತು.

ಮುದ್ದೆಯದು ಬೇರೆಯೇ ಕಥೆ. ಬಾಗಲಕೋಟೆಯ ಮನುಷ್ಯ ಮುದ್ದೆಯನ್ನು ರೊಟ್ಟಿಯಂತೆ ಜಗಿದರು. ಹಲ್ಲಿಗೆ ಅಂಟಿತು, ಅಂಗುಳಕ್ಕೆ ಅಂಟಿತು, ಹೆಂಡತಿ ನಗುವನ್ನು ತಡೆಯಲಾಗದೆ ಒಳಗೆ ಹೋದರು. ನುಂಗುವ ಕಲೆ ನಲವತ್ತಾರನೆಯ ವಯಸ್ಸಿಗೆ ಬರುವುದಿಲ್ಲವಂತೆ. ಅವರಿಗೆ ಜೋಳದ ರೊಟ್ಟಿ ಬೇಕು. ತುಮಕೂರಿನ ಕೈಗೆ ರೊಟ್ಟಿ ಬಡಿಯಲು ಬಾರದು. ಎರಡೂ ಕಡೆಯವರು ಸೋತು ಹತ್ತು ವರ್ಷದಿಂದ ಚಪಾತಿಗೆ ಬಂದು ನಿಂತಿದ್ದರು. ಇಂಥ ಎಷ್ಟೋ ಮಿಶ್ರ ಮನೆಗಳಲ್ಲಿ ಹೀಗೇ ಆಗುವುದನ್ನು ನೋಡಿದ್ದೇನೆ: ಇಬ್ಬರ ಊರಿನ ಊಟವೂ ಹೋಗಿ, ಯಾರದ್ದೂ ಅಲ್ಲದ ಊಟ ಉಳಿಯುತ್ತದೆ. ಮನೆಯ ಹಿಂದಿನ ರಸ್ತೆಯಲ್ಲೇ ರೊಟ್ಟಿ ಮಾಡಿ ಮಾರುವ ಅಂಗಡಿಯಿತ್ತು. ವಾರಕ್ಕೆ ಎರಡು ರಾತ್ರಿ ಚಪಾತಿಯ ಜಾಗದಲ್ಲಿ ಅಲ್ಲಿಂದ ರೊಟ್ಟಿ ಎಂದು ತೀರ್ಮಾನವಾಯಿತು. ಕೊಂಡು ತಂದರೆ ಪಾಪವೇನಿಲ್ಲ.

ರೊಟ್ಟಿ ಬಂದದ್ದೇ ತಡ, ಅಜ್ಜಿಯ ಬಾಯಿ ತೆರೆಯಿತು. ರೊಟ್ಟಿಗೆ ಹಸಿ ಮೆಂತ್ಯದ ತಪ್ಪಲು ಬೇಕು, ಉಳ್ಳಾಗಡ್ಡಿ ಬೇಕು, ಹಿಂಡಿ ಬೇಕು. ಊರಲ್ಲಿ ಹೊಲದ ಬದುವಿನ ಹಕ್ಕರಕಿ ಸೊಪ್ಪನ್ನು ಹಸಿಯಾಗಿಯೇ ತಿನ್ನುತ್ತಿದ್ದದ್ದು, ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕುತ್ತಿದ್ದದ್ದು, ಎಲ್ಲ ಹೊರಗೆ ಬಂತು. ನಾನು ಪೆನ್ನು ಹಿಡಿದು ಬರೆದುಕೊಂಡೆ. ಹಕ್ಕರಕಿ ಬೆಂಗಳೂರಿನ ಗಾಡಿಯಲ್ಲಿ ಸಿಗುವುದಿಲ್ಲ. ಪುಂಡಿ ಸಿಗುತ್ತದೆ. ಅಗಸೆ ಎಲ್ಲೆಲ್ಲೂ ಸಿಗುತ್ತದೆ.

ಅಗಸೆಯನ್ನು ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಹುಣಸೆಹಣ್ಣು, ಉಪ್ಪು ಸೇರಿಸಿ ಕುಟ್ಟಿದ ಹಿಂಡಿ ಡಿಸೆಂಬರ್‌ನಲ್ಲಿ ಆ ಮನೆಯ ಊಟದ ಮೇಜಿಗೆ ಬಂತು. ಮುಂದಿನ ವಾರ ಗುರೆಳ್ಳಿನದು. ತಾಯಿ ಅದನ್ನು ಹುಚ್ಚೆಳ್ಳು ಎನ್ನುತ್ತಾರೆ, ಅವರ ತವರಿನಲ್ಲೂ ಅದರ ಚಟ್ನಿಪುಡಿಯಿದೆ. ಒಂದೇ ಕಾಳಿಗೆ ಎರಡು ಹೆಸರಿಟ್ಟುಕೊಂಡು ಹತ್ತು ವರ್ಷ ಇಬ್ಬರೂ ಅದನ್ನು ತಿನ್ನದೆ ಕುಳಿತಿದ್ದರು. ಚಿಯಾ ಕೊಳ್ಳುವುದು ಅದರ ಒಮೇಗಾ–3 ಕೊಬ್ಬಿಗಾಗಿ ಎಂದಾದರೆ ಅಗಸೆಯಲ್ಲಿರುವುದೂ ಅದೇ ಆಲ್ಫಾ ಲಿನೊಲೆನಿಕ್ ಆಮ್ಲ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಅಗಸೆಯನ್ನು ಇಡಿಯಾಗಿ ನುಂಗಿದರೆ ಬಂದ ಹಾಗೇ ಹೊರಗೆ ಹೋಗುತ್ತದೆ, ಕುಟ್ಟಲೇಬೇಕು. ಕುಟ್ಟಿದ ಮೇಲೆ ಬೇಗ ಕಮಟುತ್ತದೆ, ಹಾಗಾಗಿ ಎರಡು ವಾರಕ್ಕೆ ಆಗುವಷ್ಟೇ ಮಾಡಬೇಕು. ಅಜ್ಜಿಗೆ ಈ ಎರಡೂ ವಿಷಯ ನಾನು ಹೇಳುವ ಮುಂಚೆಯೇ ಗೊತ್ತಿತ್ತು. ಬೆಳಗಿನ ಇಡ್ಲಿಗೆ ಕಾಯಿ ಚಟ್ನಿಯ ಜಾಗದಲ್ಲಿ ದಿನ ಬಿಟ್ಟು ದಿನ ಹಿಂಡಿ ಮತ್ತು ಮೊಸರು ಬಂತು. ಎಣ್ಣೆಬೀಜದ ಖಾಲಿ ಜಾಗ ಹಾಗೆ ತುಂಬಿತು, ಎದ್ದು ಮಾಡಬೇಕಾದ ಕೆಲಸವೇನೂ ಇಲ್ಲದೆ.

ಅವರೆಕಾಯಿಯ ಕಾಲ ಬಂದಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ಡಿಸೆಂಬರ್–ಜನವರಿಯಲ್ಲಿ ಬೆಂಗಳೂರಿನವರಿಗೆ ಅವರೆಕಾಯಿ ತಿನ್ನಿ ಎಂದು ಹೇಳಿಕೊಡುವ ಅಗತ್ಯವಿಲ್ಲ. ಸಬ್ಬಸಿಗೆ ಹಾಕಿದ ಅವರೆಕಾಳಿನ ಉಪ್ಪಿಟ್ಟು, ಅಕ್ಕಿ ರೊಟ್ಟಿ, ಹಿತಕಿದ ಬೇಳೆ ಸಾರು. ಆರು ವಾರ ಇಡೀ ಕಾಳಿನ ಚಿಂತೆಯೇ ಇರಲಿಲ್ಲ.

ತಂದೆಗೆ ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಬೇಕಾಯಿತು. ಸಿರಿಧಾನ್ಯವಾದರೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂದು ಅವರು ನಂಬಿದ್ದರು. ರಾಗಿಯಲ್ಲೂ ನೂರು ಗ್ರಾಂಗೆ 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಯಲ್ಲಿ 78. ಅಂತರ ಅಷ್ಟೇ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ಸಕ್ಕರೆಯನ್ನು ಬೇಗನೇ ಏರಿಸುತ್ತದೆ. ಮೂರು ರೊಟ್ಟಿಯ ಜಾಗದಲ್ಲಿ ಎರಡು, ಮಿಕ್ಕ ಹೊಟ್ಟೆಗೆ ಪಲ್ಯ. ಈ ಮಾತು ಅವರಿಗೆ ಹಿಡಿಸಲಿಲ್ಲ, ಈಗಲೂ ಹಿಡಿಸಿಲ್ಲ.

ಮಾತ್ರೆಯ ಪಾಲು

ಈಗ ಹುಡುಗಿಯ ರಕ್ತದ ವಿಷಯ. ಜನವರಿ ಕೊನೆಗೆ ಹಿಮೋಗ್ಲೋಬಿನ್ 11.8 ಆಯಿತು. ತಾಯಿ ಫೋನ್ ಮಾಡಿ, "ನಿಮ್ಮ ಸೊಪ್ಪು ಕೆಲಸ ಮಾಡಿತು ಮೇಡಂ" ಎಂದರು. ಆ ಶ್ರೇಯವನ್ನು ನಾನು ತೆಗೆದುಕೊಳ್ಳಲಾರೆ. 10.4ರಿಂದ ಮೂರು ತಿಂಗಳಲ್ಲಿ ಅಷ್ಟು ಮೇಲೆ ತಂದದ್ದು ಕಬ್ಬಿಣದ ಮಾತ್ರೆ.

ವೈದ್ಯರು ಸೆಪ್ಟೆಂಬರ್‌ನಲ್ಲೇ ಮಾತ್ರೆ ಬರೆದಿದ್ದರು. ಹೊಟ್ಟೆ ಉರಿಯುತ್ತದೆಂದು ಹುಡುಗಿ ಐದನೆಯ ದಿನಕ್ಕೇ ಬಿಟ್ಟಿದ್ದಳು, ತಾಯಿಗೆ ಹೇಳಿರಲಿಲ್ಲ. ನುಂಗಿದ ಆ ಐದು ದಿನವೂ ಬೆಳಗಿನ ಕಾಫಿಯ ಜೊತೆಗೇ. ಕಾಫಿ, ಚಹಾದಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಸೇರಗೊಡುವುದಿಲ್ಲ. ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತನಾಡಿದಾಗ ಇನ್ನೊಂದು ವಿಷಯ ಹೊರಬಿತ್ತು: ಮುಟ್ಟಿನಲ್ಲಿ ಏಳೆಂಟು ದಿನ ವಿಪರೀತ ರಕ್ತಸ್ರಾವ. ಇದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಒಂದು ಕಡೆ ಸೋರುತ್ತಿರುವ ಕೊಡಕ್ಕೆ ಇನ್ನೊಂದು ಕಡೆಯಿಂದ ಗೋಜಿ ಹಣ್ಣು ಹಾಕುತ್ತಿದ್ದೆವು. ಅವಳನ್ನು ಮತ್ತೆ ವೈದ್ಯರ ಬಳಿ ಕಳುಹಿಸಿದೆ. ಅವರು ಮುಟ್ಟಿನ ತೊಂದರೆಗೆ ಚಿಕಿತ್ಸೆ ಕೊಟ್ಟರು, ಜಂತುಹುಳುವಿನ ಮಾತ್ರೆ ಕೊಟ್ಟರು, ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನಕ್ಕೆ ಬದಲಿಸಿದರು. ಕಾಫಿಯಿಂದ ದೂರ, ನಿಂಬೆ ಪಾನಕದ ಜೊತೆಗೆ. ಈ ಸಲ ಹೊಟ್ಟೆ ತಡೆದುಕೊಂಡಿತು.

ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆಯಿದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಅವರಲ್ಲಿ ಎಷ್ಟೋ ಮಂದಿಗೆ ಖರ್ಜೂರ, ಬೀಟ್‌ರೂಟ್ ತಿನ್ನಿ ಎಂದು ಮನೆಯವರು ಹೇಳಿ ಸುಮ್ಮನಾಗುತ್ತಾರೆ. ಇಳಿದುಹೋದ ರಕ್ತವನ್ನು ಊಟವೊಂದರಿಂದಲೇ ಮೇಲೆತ್ತುವುದು ಬಹಳ ನಿಧಾನ. ಏರಿದ ರಕ್ತ ಮತ್ತೆ ಇಳಿಯದಂತೆ ನೋಡಿಕೊಳ್ಳುವುದು ಊಟದ ಕೆಲಸ. ಸೊಪ್ಪಿನ ಕಬ್ಬಿಣ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ, ಜೊತೆಗೆ ಹುಳಿ ಇದ್ದರೆ ಹೆಚ್ಚು ಹತ್ತುತ್ತದೆ. ಹಾಗಾಗಿ ಪಲ್ಯಕ್ಕೆ ಒಲೆಯಿಂದಿಳಿಸಿದ ಮೇಲೆ ನಿಂಬೆಹಣ್ಣು, ಮಧ್ಯಾಹ್ನದ ಡಬ್ಬಿಗೆ ಉಪ್ಪಿನಲ್ಲಿ ಹಾಕಿದ ಒಂದು ನೆಲ್ಲಿಕಾಯಿ ಎಂದು ಹೇಳಿದ್ದೆ. ನೆಲ್ಲಿಕಾಯಿಯನ್ನು ಅವಳು ಗೆಳತಿಯರಿಗೆ ಹಂಚುತ್ತಿದ್ದಳಂತೆ. ಇರಲಿ.

ಅವರ ಗೋಡೆಯ ಮೇಲೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇದೆ. ಪ್ರತಿದಿನದ ಚೌಕದಲ್ಲಿ ಅಂದು ತಿಂದ ಸೊಪ್ಪು, ಕಾಳಿನ ಹೆಸರನ್ನು ಅಜ್ಜಿ ಹೇಳುವುದು, ಮೊಮ್ಮಗಳು ಬರೆಯುವುದು. ನವೆಂಬರ್‌ನಲ್ಲಿ ಅಲ್ಲೊಂದು ಇಲ್ಲೊಂದು. ಡಿಸೆಂಬರ್‌ನಲ್ಲಿ ಸಾಲುಸಾಲು: ದಂಟು, ನುಗ್ಗೆ, ಸಬ್ಬಸಿಗೆ, ಮೆಂತ್ಯ, ಪುಂಡಿ, ಹೊನಗೊನ್ನೆ, ಚಕ್ಕೋತ. ಜನವರಿಯ ಒಂದು ವಾರದಲ್ಲಿ ಎಣಿಸಿದಾಗ ಮೂವತ್ನಾಲ್ಕು ಬಗೆ ಬಂದವು. ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಶುರುವಾಯಿತು. ಮೂರು ವಾರದ ಚೌಕಗಳು ಬೋಳು. ಬ್ರೆಡ್ಡು, ನೂಡಲ್ಸ್, ಅನ್ನ–ಮೊಸರು. ತಾಯಿಗೆ ಬೇಸರವಾಗಿತ್ತು, ನನಗೆ ಆಗಲಿಲ್ಲ. ಅಂಥ ಹೊತ್ತಿನಲ್ಲೂ ಹಿಂಡಿಯ ಡಬ್ಬಿ ಮೇಜಿನಿಂದ ಕದಲಿರಲಿಲ್ಲ, ದೋಸೆ ಹಿಟ್ಟಿಗೆ ನವಣೆ ಬೀಳುತ್ತಲೇ ಇತ್ತು. ಜಾಗ ಹಿಡಿದವು ಉಳಿದಿದ್ದವು. ಪ್ರತಿದಿನ ನೆನಪಿಟ್ಟು ಮಾಡಬೇಕಾದವು ಬಿದ್ದುಹೋಗಿದ್ದವು.

ಹತ್ತೊಂಬತ್ತು ಡಬ್ಬಿಗಳಲ್ಲಿ ಈಗ ಆರು ಉಳಿದಿವೆ. ಚಿಯಾ ಉಳಿದಿದೆ, ಬೇಸಿಗೆಯಲ್ಲಿ ಪಾನಕಕ್ಕೆ ಕಾಮಕಸ್ತೂರಿಯ ಜಾಗದಲ್ಲಿ ಅದನ್ನು ನೆನೆಸಿ ಹಾಕುತ್ತಾರಂತೆ. ಕುಂಬಳಬೀಜ ಶೇಂಗಾ ಹಿಂಡಿಯೊಳಗೆ ಸೇರಿಕೊಂಡಿದೆ. ಗೋಧಿಹುಲ್ಲಿನ ಪುಡಿಯನ್ನು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಹಾಕಿದರು. ತಂದೆಯ ಎಚ್‌ಬಿಎ1ಸಿ 5.9. ಸಣ್ಣ ಇಳಿತ, ಅದರಲ್ಲಿ ವಾಕಿಂಗ್‌ನ ಪಾಲೂ ಇದೆ.

ಹಣ್ಣಿನ ವಿಷಯ ಮಾತ್ರ ಹಾಗೇ ಉಳಿದಿದೆ. ಕಿವಿ ಹಣ್ಣಿನ ಎರಡು ಪಟ್ಟಿಗೂ ಹೆಚ್ಚು ವಿಟಮಿನ್ ಸಿ ಸೀಬೆಯಲ್ಲಿದೆ ಎಂದು ಹೇಳಿ, ಫ್ರಿಜ್ಜಿನಿಂದ ಕಿವಿ ತೆಗೆಸಿದ್ದೆ. ಸೀಬೆ ತಂದರು, ಅದು ಅದೇ ಫ್ರಿಜ್ಜಿನಲ್ಲಿ ಸುಕ್ಕುಗಟ್ಟಿತು. ಊಟವಾದ ಮೇಲೆ ಹಣ್ಣು ಹೆಚ್ಚಿ ತಟ್ಟೆಯಲ್ಲಿಡುವವರು ಆ ಮನೆಯಲ್ಲಿ ಇನ್ನೂ ಯಾರೂ ಆಗಿಲ್ಲ. ಹುಡುಗಿ ಸಂಜೆ ಬಸ್ಸಿಳಿಯುವ ಕಡೆ ಒಂದು ಗಾಡಿ ನಿಲ್ಲುತ್ತಿತ್ತು. ಚಳಿಗಾಲವಿಡೀ ಅಲ್ಲೇ ಸೀಬೆ ಸೀಳಿಸಿ ಉಪ್ಪು–ಖಾರ ಹಾಕಿಸಿಕೊಂಡು ತಿನ್ನುತ್ತಾ ಬರುತ್ತಿದ್ದಳು. ಮಾರ್ಚ್‌ನಲ್ಲಿ ಆ ಗಾಡಿಯಲ್ಲಿ ಕಲ್ಲಂಗಡಿ ಬಂದಿದೆ, ಅವಳಿಗೆ ಕಲ್ಲಂಗಡಿ ಸೇರುವುದಿಲ್ಲ. ವೈದ್ಯರು ಮೇ ತಿಂಗಳಿಗೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಅಷ್ಟರಲ್ಲಿ ಮಾವಿನ ಕಾಲ ಬಂದಿರುತ್ತದೆ.